ಆತ್ಮಹತ್ಯೆಯೂ ಸಮಾಜದ ಹೊಣೆಯೂ

ದುಡಿದು ತಿನ್ನುವ ಮನುಷ್ಯನೊಬ್ಬನು ಈ ಮುಂಬಯಿಯಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡರೆ ಮರುದಿನದ ಪತ್ರಿಕೆಯಲ್ಲಿ ಅವನಿಗೆ ದೊರೆಯುವ ಜಾಗ ನಾಲ್ಕು ಸಾಲು. ಪೋಲೀಸರ ಕಾಗದದಲ್ಲಿ "ಕಾರಣ" ಎಂಬಲ್ಲಿ ದೊರೆಯುವುದು ಎರಡೇ ಶಬ್ದ. ಖೋಲಿಯಲ್ಲಿ ಅವನ ಜೊತೆಗಿದ್ದವರು ನಾಲ್ಕು ದಿನ ಮಾತಾಡುತ್ತಾರೆ. ಸಾಲ ಮಾಡಿಕೊಂಡಿದ್ದ ಎಂದು ಒಬ್ಬರು, ಮನೆಯಲ್ಲಿ ಜಗಳವಿತ್ತಂತೆ ಎಂದು ಇನ್ನೊಬ್ಬರು, ಮೊದಲಿನಿಂದಲೂ ಮನಸ್ಸು ಗಟ್ಟಿಯಿರಲಿಲ್ಲ ಎಂದು ಮತ್ತೊಬ್ಬರು. ಕೊನೆಗೆ ಎಲ್ಲರೂ ಸೇರಿ "ಹಣೆಬರಹ" ಎಂದು ಮುಗಿಸುತ್ತಾರೆ. ಐದನೆಯ ದಿನ ಅವನ ಚಾಪೆಯ ಜಾಗದಲ್ಲಿ ಊರಿನಿಂದ ಬಂದ ಬೇರೊಬ್ಬ ಹುಡುಗ ಮಲಗಿರುತ್ತಾನೆ.

ಬಂಧುಗಳೆ, ಇಷ್ಟಕ್ಕೇ ಮುಗಿಸಿಬಿಡುವುದು ಸರಿಯೆ? ಹಣೆಬರಹವೆಂದು ಹೇಳಿದರೆ ಹೇಳಿದವನ ಮನಸ್ಸು ಹಗುರಾಗುತ್ತದೆ ನಿಜ. ಆದರೆ ಅದೇ ಖೋಲಿಯಲ್ಲಿ, ಅದೇ ಸಾಲ, ಅದೇ ನಿದ್ರೆಗೇಡು, ಅದೇ ಒಂಟಿತನದೊಳಗೆ ಮಲಗಿರುವ ಮುಂದಿನವನಿಗೆ ಅದರಿಂದ ಏನೂ ಆಗುವುದಿಲ್ಲ. ಆತ್ಮಹತ್ಯೆ ಎಂಬುದು ಒಬ್ಬೊಬ್ಬರ ಮನಸ್ಸಿನ ಗುಟ್ಟೇ, ಅಥವಾ ನಾವೆಲ್ಲ ಬದುಕುತ್ತಿರುವ ರೀತಿಗೂ ಅದಕ್ಕೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಕಾರ್ಮಿಕರಾದ ನಾವು ಕೇಳಲೇಬೇಕಾಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕಿದ ಪಂಡಿತರಿದ್ದಾರೆ. ಅವರು ಕಂಡದ್ದನ್ನು ನಮ್ಮ ಭಾಷೆಯಲ್ಲಿ, ನಮ್ಮ ಹೊಟೇಲು ಗಿರಣಿಗಳ ಅನುಭವದ ಜೊತೆಗಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಗಲ್ಲೆಯ ಮೇಲೆ ಕೂತವನ ಲೆಕ್ಕ

ಫ್ರಾನ್ಸ್ ದೇಶದಲ್ಲಿ ಎಮಿಲ್ ಡರ್ಖೈಮ್ ಎಂಬ ಪ್ರಾಧ್ಯಾಪಕರಿದ್ದರು. 1858ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡ ಇವರು ಸಮಾಜಶಾಸ್ತ್ರವನ್ನು ಒಂದು ಶಾಸ್ತ್ರವಾಗಿ ಕಟ್ಟಿದ ಹಿರಿಯರಲ್ಲಿ ಒಬ್ಬರು. 1897ರಲ್ಲಿ ಇವರು ಆತ್ಮಹತ್ಯೆಯ ವಿಷಯವಾಗಿಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಯುರೋಪಿನ ಬೇರೆ ಬೇರೆ ದೇಶಗಳ ಸರಕಾರಗಳು ವರ್ಷವರ್ಷವೂ ಬರೆದಿಟ್ಟಿದ್ದ ಸಾವಿನ ಲೆಕ್ಕಗಳನ್ನು ತರಿಸಿ, ಸುಮಾರು 26,000 ಪ್ರಕರಣಗಳ ಕಾಗದಗಳನ್ನು ವಯಸ್ಸು, ಮದುವೆ, ಮಕ್ಕಳು ಎಂದು ವಿಂಗಡಿಸಿ ನೋಡಿದರು.

ಅವರು ಕಂಡ ಮೊದಲನೆಯ ಸಂಗತಿ ಆಶ್ಚರ್ಯದ್ದು. ಒಂದೊಂದು ದೇಶದಲ್ಲಿ ಆತ್ಮಹತ್ಯೆಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಸಾಯುವವರು ಪ್ರತಿ ವರ್ಷವೂ ಬೇರೆ ಜನ. ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಆದರೂ ಲೆಕ್ಕ ಮಾತ್ರ ಆಚೀಚೆ ಆಗುವುದಿಲ್ಲ. ಪಕ್ಕದ ದೇಶದ ಪ್ರಮಾಣ ಇದಕ್ಕಿಂತ ಬೇರೆ, ಆದರೆ ಅದೂ ತನ್ನ ಮಟ್ಟಿಗೆ ಸ್ಥಿರ.

ಇದು ಹೇಗೆ ಸಾಧ್ಯವೆಂದು ಹೊಟೇಲಿನ ನಮ್ಮ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಹಾ ಕುಡಿಯಲು ಬರುವ ಪ್ರತಿಯೊಬ್ಬ ಗಿರಾಕಿಯೂ ತನ್ನ ಮನಸ್ಸಿಗೆ ಬಂದು ಬರುತ್ತಾನೆ. ಯಾರೂ ಅವನನ್ನು ಕೈಹಿಡಿದು ಎಳೆದು ತರುವುದಿಲ್ಲ. ಆದರೂ ನಾಳೆಗೆ ಎಷ್ಟು ಹಾಲು ಹೇಳಬೇಕೆಂದು ಗಲ್ಲೆಯ ಮೇಲೆ ಕೂತವನಿಗೆ ಇಂದೇ ಗೊತ್ತಿರುತ್ತದೆ. ಹತ್ತಿರದ ಕಚೇರಿ ಮುಚ್ಚಿದರೆ ಹಾಲು ಕಡಿಮೆ ಮಾಡುತ್ತಾನೆ, ಎದುರಿಗೆ ಬಸ್ ಸ್ಟಾಂಡ್ ಬಂದರೆ ಹೆಚ್ಚು ಹೇಳುತ್ತಾನೆ. ಗಿರಾಕಿಯ ಮನಸ್ಸು ಅವನದೇ; ಆದರೆ ಬಸ್ ಸ್ಟಾಂಡ್ ಊರಿನದು. ಡರ್ಖೈಮರು ಹೇಳಿದ್ದೂ ಇದನ್ನೇ. ಒಬ್ಬನು ಏಕೆ ಸತ್ತನೆಂಬುದು ಅವನ ಮನಸ್ಸಿನ ಕಥೆಯಾಗಿರಬಹುದು. ಆದರೆ ಒಂದು ಊರಿನಲ್ಲಿ ಲಕ್ಷಕ್ಕೆ ಇಷ್ಟು ಮಂದಿ, ಇನ್ನೊಂದು ಊರಿನಲ್ಲಿ ಅದರ ಇಮ್ಮಡಿ ಮಂದಿ ಏಕೆ ಸಾಯುತ್ತಾರೆಂಬುದಕ್ಕೆ ಕಾರಣವನ್ನು ಮನಸ್ಸಿನೊಳಗೆ ಹುಡುಕಿದರೆ ಸಿಕ್ಕದು, ಸಮಾಜದಲ್ಲಿ ಹುಡುಕಬೇಕು.

ಹುಡುಕಿದಾಗ ಅವರಿಗೆ ಕಂಡದ್ದೇನು? ಮದುವೆಯಾಗಿ ಮಕ್ಕಳಿರುವ ಗಂಡಸಿಗಿಂತ ಒಬ್ಬಂಟಿ ಗಂಡಸಿನಲ್ಲಿ ಆತ್ಮಹತ್ಯೆ ಹೆಚ್ಚು. ಒಟ್ಟಾಗಿ ಕೂಡುವ, ಒಬ್ಬರ ಮೇಲೊಬ್ಬರು ಕಣ್ಣಿಡುವ ಕಟ್ಟುಪಾಡುಗಳಿದ್ದ ಕ್ಯಾಥೋಲಿಕ್ ಜನರಲ್ಲಿ ಕಡಿಮೆ. ಒಬ್ಬೊಬ್ಬನೂ ತನ್ನ ಪಾಡಿಗೆ ತಾನು ದೇವರನ್ನು ಕಾಣಬೇಕೆನ್ನುವ ಪ್ರೊಟೆಸ್ಟೆಂಟರಲ್ಲಿ ಹೆಚ್ಚು. ದೇಶಕ್ಕೆ ಯುದ್ಧವೋ ದೊಡ್ಡ ರಾಜಕೀಯ ಗಲಭೆಯೋ ಬಂದಾಗ ಆತ್ಮಹತ್ಯೆ ಏರಬೇಕಲ್ಲವೆ? ಇಳಿಯಿತು. ಜನ ಒಂದು ಕೆಲಸಕ್ಕಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತಾಗ ತಮ್ಮೊಬ್ಬರ ದುಃಖವನ್ನೇ ಎಣಿಸುತ್ತ ಕೂರುವುದಿಲ್ಲ ಎಂದು ಅವರು ಅರ್ಥ ಮಾಡಿದರು.

ನಾಲ್ಕು ಬಗೆ

ಡರ್ಖೈಮರು ಆತ್ಮಹತ್ಯೆಯಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ಅವಕ್ಕೆ ಗ್ರಂಥಗಳಲ್ಲಿ ದೊಡ್ಡ ಹೆಸರುಗಳಿವೆ. ನಾವು ಸುಲಭವಾಗಿ ಹೇಳೋಣ.

ಒಂದನೆಯದು, ಬಳ್ಳಿ ಕಡಿದುಹೋದಾಗ ಬರುವುದು. ಮನೆ, ನೆರೆ, ಜಾತ್ರೆ, ದೇವಸ್ಥಾನ, ಗೆಳೆಯರ ಗುಂಪು ಯಾವುದಕ್ಕೂ ಸೇರದವನಾಗಿ ಮನುಷ್ಯ ಉಳಿದಾಗ, ತಾನು ಇದ್ದರೂ ಒಂದೇ ಹೋದರೂ ಒಂದೇ ಎಂದು ಅವನಿಗೆ ತೋರತೊಡಗುತ್ತದೆ. ಊರಿನಲ್ಲಿ ಇಂಥವರ ಮಗ, ಇಂಥವರ ತಮ್ಮ ಎಂದು ಹತ್ತು ಜನ ಗುರುತಿಸುತ್ತಿದ್ದ ಹುಡುಗನು ಈ ಶಹರಕ್ಕೆ ಬಂದಾಗ ಅವನಿಗೆ ಹೆಸರೇ ಇರುವುದಿಲ್ಲ. "ಏ ಹುಡುಗ" ಎಂದರೆ ಅವನು ತಿರುಗಿ ನೋಡಬೇಕು. ಬೆಳಗಿನ ಕತ್ತಲೆಯಲ್ಲಿ ಎದ್ದು ರಾತ್ರಿ ಬಾಗಿಲು ಹಾಕುವವರೆಗೆ ಸಾವಿರ ಮುಖಗಳನ್ನು ಕಾಣುವ ಸಪ್ಲೈಯರನಿಗೆ ತನ್ನ ಮುಖವನ್ನು ನೋಡಿ "ಉಂಡೆಯಾ?" ಎಂದು ಕೇಳುವವರು ಇಲ್ಲದಿರುವುದು ಅಪರೂಪವಲ್ಲ. ಜನಜಂಗುಳಿಯ ನಡುವೆ ಇದ್ದೂ ಒಂಟಿಯಾಗಿರುವುದು ಇದೇ.

ಎರಡನೆಯದು, ಅಳತೆ ತಪ್ಪಿದಾಗ ಬರುವುದು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನಮ್ಮಲ್ಲಿದೆ. ಹಾಸಿಗೆ ಚಿಕ್ಕದೇ ಇರಲಿ, ಅದರ ಅಳತೆ ಗೊತ್ತಿದ್ದರೆ ಮನುಷ್ಯ ಹೇಗೋ ಮಡಿಸಿಕೊಂಡು ಮಲಗುತ್ತಾನೆ. ಆದರೆ ಆ ಅಳತೆಯೇ ಒಂದು ರಾತ್ರಿಯಲ್ಲಿ ಬದಲಾದರೆ? ಇಂದು ಕೆಲಸವಿದೆ, ನಾಳೆ ಬಾಗಿಲಿಗೆ ಬೀಗ. ಇಂದು ಸಾಲ ಕೊಡುವವರು ಫೋನು ಮಾಡಿ ಕರೆದು ಕೊಡುತ್ತಾರೆ, ನಾಳೆ ಅದೇ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಕರೆ ಮಾಡಿ ಮಾನ ಕಳೆಯುತ್ತಾರೆ. 1873ರಲ್ಲಿ ವಿಯೆನ್ನಾ ನಗರದಲ್ಲಿ, 1882ರಲ್ಲಿ ಪ್ಯಾರಿಸಿನಲ್ಲಿ ಹಣದ ಪೇಟೆ ಕುಸಿದಾಗ ಆತ್ಮಹತ್ಯೆ ಏರಿದ್ದನ್ನು ಡರ್ಖೈಮರು ತೋರಿಸಿದರು. ಅಷ್ಟೇ ಅಲ್ಲ, ಪೇಟೆ ಒಮ್ಮೆಲೇ ಉಬ್ಬಿದಾಗಲೂ ಏರುತ್ತದೆಂದರು. ಏಕೆಂದರೆ ಎರಡರಲ್ಲಿಯೂ ಎಷ್ಟು ಆಸೆಪಡಬೇಕು, ಎಷ್ಟಕ್ಕೆ ತೃಪ್ತಿಪಡಬೇಕು ಎಂಬ ಹಳೆಯ ಅಳತೆಗೋಲು ಮುರಿದುಹೋಗುತ್ತದೆ.

ಮೂರನೆಯದು, ಕಟ್ಟು ಅತಿಯಾಗಿ ಬಿಗಿದಾಗ ಬರುವುದು. ಮುಂದೆ ಏನೂ ಬದಲಾಗುವಂತಿಲ್ಲ, ಎದುರು ಮಾತಾಡುವಂತಿಲ್ಲ, ಬಿಟ್ಟು ಹೋಗುವಂತಿಲ್ಲ ಎಂಬ ಸ್ಥಿತಿ. ಡರ್ಖೈಮರು ಇದಕ್ಕೆ ಗುಲಾಮರ ಉದಾಹರಣೆ ಕೊಟ್ಟು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಟ್ಟರು. ನಮ್ಮ ದೇಶಕ್ಕೆ ಅದು ಅಡಿಟಿಪ್ಪಣಿಯ ಮಾತಲ್ಲ. ಮುಂಗಡ ಪಡೆದು ಹೊರಬರಲಾರದ ಕೆಲಸದಾಳು, ಗಂಡನ ಮನೆಯಲ್ಲಿ ಉಸಿರೆತ್ತಲಾರದ ಸೊಸೆ ಇವರೆಲ್ಲ ಈ ಬಗೆಗೆ ಸೇರುವವರೇ.

ನಾಲ್ಕನೆಯದು, ತನ್ನ ಗುಂಪಿಗಾಗಿ ಪ್ರಾಣ ಕೊಡುವುದು ದೊಡ್ಡತನವೆಂದು ಸಮಾಜವೇ ಕಲಿಸಿದಾಗ ಬರುವುದು. ಆಗಿನ ಯುರೋಪಿನಲ್ಲಿ ಶಾಂತಿಯ ದಿನಗಳಲ್ಲಿಯೂ ಸಾಮಾನ್ಯ ಜನರಿಗಿಂತ ಸೈನಿಕರಲ್ಲಿ ಆತ್ಮಹತ್ಯೆ ಹೆಚ್ಚಾಗಿದ್ದುದನ್ನು ಅವರು ಇದರಡಿ ಸೇರಿಸಿದರು. ಈ ಬಗೆಯ ವಿಷಯವಾಗಿ ಸಂಘಟನೆಗಳಲ್ಲಿ ದುಡಿಯುವ ನಾವು ತಿಳಿಯಬೇಕಾದ ಪಾಠವೊಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ನಮ್ಮ ದೇಶದ ಲೆಕ್ಕ

ಈಗ ನಮ್ಮ ದೇಶಕ್ಕೆ ಬರೋಣ. ಕೇಂದ್ರ ಸರಕಾರದ ರಾಷ್ಟ್ರೀಯ ಅಪರಾಧ ದಾಖಲೆ ಕಛೇರಿಯು ವರ್ಷಕ್ಕೊಮ್ಮೆ ಈ ಲೆಕ್ಕವನ್ನು ಪ್ರಕಟಿಸುತ್ತದೆ. 2021ರಲ್ಲಿ ದೇಶದಲ್ಲಿ 1,64,033 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ಅದು ಬರೆದಿದೆ. ಇವರಲ್ಲಿ 42,004 ಮಂದಿ ದಿನಗೂಲಿಯವರು. ಅಂದರೆ ನಾಲ್ಕರಲ್ಲಿ ಒಬ್ಬರು. 2014ರ ಲೆಕ್ಕದಲ್ಲಿ ಈ ವರ್ಗದ ಪಾಲು 100ಕ್ಕೆ 12 ಆಗಿತ್ತು. ಏಳೇ ವರ್ಷಗಳಲ್ಲಿ ಅದು ಇಮ್ಮಡಿಯಾಯಿತು. ಅದೇ 2021ರಲ್ಲಿ ತೀರಿಕೊಂಡವರಲ್ಲಿ 100ಕ್ಕೆ 64 ಮಂದಿಯ ವರ್ಷದ ಆದಾಯ ಒಂದು ಲಕ್ಷ ರೂಪಾಯಿಯ ಒಳಗೆ.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾವು ಹೇಳುವುದಿಲ್ಲ. ದಿನಗೂಲಿಯೆಂದು ಯಾರನ್ನು ಬರೆಯುವುದೆಂಬುದು ಬರೆಯುವ ಪೋಲೀಸನ ಕೈಯಲ್ಲಿದೆ. ಮಾನಕ್ಕೆ ಹೆದರಿ ಸಾವನ್ನೇ ಮುಚ್ಚಿಡುವ ಮನೆಗಳಿವೆ. ಅದೇ 2021ರ ಲೆಕ್ಕದಲ್ಲಿ ಲಕ್ಷ ಜನಕ್ಕೆ ಕೇರಳದಲ್ಲಿ 26ಕ್ಕೂ ಮಿಕ್ಕಿ, ಬಿಹಾರದಲ್ಲಿ ಒಂದಕ್ಕಿಂತಲೂ ಕಡಿಮೆ. ಬಿಹಾರದ ಬಡವ ಕೇರಳದವನಿಗಿಂತ ಅಷ್ಟೊಂದು ಸುಖಿಯೆಂದು ನಂಬುವುದು ಕಷ್ಟ. ಇದರಲ್ಲಿ ಬರೆದಿಡುವ ಶ್ರದ್ಧೆಯ ವ್ಯತ್ಯಾಸವೂ ಇದ್ದೇ ಇರಬೇಕು. ಡರ್ಖೈಮರ ಗ್ರಂಥಕ್ಕೂ ಮುಂದೆ ಬಂದ ಪಂಡಿತರು ಇದೇ ಆಕ್ಷೇಪವನ್ನು ಎತ್ತಿದ್ದಾರೆ.

ಆದರೆ ಈ ಲೆಕ್ಕದಲ್ಲಿ ಇನ್ನೊಂದು ಮನೆ ಇದೆ: ಕಾರಣದ ಮನೆ. 2021ರಲ್ಲಿ 100ಕ್ಕೆ 33 ಸಾವುಗಳಿಗೆ "ಕೌಟುಂಬಿಕ ಸಮಸ್ಯೆ" ಎಂದೂ 18ಕ್ಕೂ ಹೆಚ್ಚು ಸಾವುಗಳಿಗೆ "ಕಾಯಿಲೆ" ಎಂದೂ ಬರೆದಿದೆ. ನಿರುದ್ಯೋಗವೆಂದು ಬರೆದಿರುವ ಸಾವುಗಳು ಅತ್ಯಲ್ಪ. ಇದನ್ನು ಓದಿದವನು, ನೋಡಿ, ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಎಲ್ಲವೂ ಮನೆಯ ಜಗಳ ಎಂದಾನು. ಆದರೆ ಆ ಜಗಳ ಎಲ್ಲಿಂದ ಬಂತು? ಮೂರು ತಿಂಗಳ ಪಗಾರ ಬಾಕಿಯಿದ್ದು ಊರಿಗೆ ಹಣ ಹೋಗದಿದ್ದರೆ ಮನೆಯಲ್ಲಿ ಜಗಳವಾಗದೆ ಹಬ್ಬವಾಗುತ್ತದೆಯೆ? ಒಲೆಯ ಮುಂದೆ ಹದಿನಾಲ್ಕು ತಾಸು ನಿಂತು ಬಂದ ಕಾಯಿಲೆಗೆ ಔಷಧಿಯ ಚೀಟಿ ಹಿಡಿದು, ಕೊಳ್ಳುವ ಹಣವಿಲ್ಲದೆ ಹಿಂದಿರುಗಿದವನ ಸಾವನ್ನು ಬರಿಯ "ಕಾಯಿಲೆ" ಎನ್ನಬಹುದೆ? ಡರ್ಖೈಮರು ಈ ಮಾತನ್ನು ಆಗಲೇ ಕಂಡುಕೊಂಡಿದ್ದರು. ಕಾರಣವೆಂದು ಸರಕಾರಿ ಕಾಗದದಲ್ಲಿ ಬರೆದದ್ದು ಸತ್ತವನ ಮನಸ್ಸಲ್ಲ, ಬರೆದ ಅಧಿಕಾರಿಯ ಅಭಿಪ್ರಾಯ ಎಂದು ಹೇಳಿ ಅವರು ಆ ಮನೆಯನ್ನೇ ಬದಿಗಿಟ್ಟರು.

ಹೆಂಗಸರ ಮಾತನ್ನು ಇಲ್ಲಿ ಬಿಡುವಂತಿಲ್ಲ. 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ 45,026 ಹೆಂಗಸರಲ್ಲಿ 23,178 ಮಂದಿ ಗೃಹಿಣಿಯರು, ಅರ್ಧಕ್ಕೂ ಮಿಕ್ಕಿ. ಮದುವೆ ಎಂಬುದು ಗಂಡಸನ್ನು ಕಾಪಾಡಿದಷ್ಟು ಹೆಂಗಸನ್ನು ಕಾಪಾಡುವುದಿಲ್ಲವೆಂಬುದು ಡರ್ಖೈಮರ ಲೆಕ್ಕದಲ್ಲಿಯೂ ಕಂಡುಬಂದಿತ್ತು. ವರ್ಷಕ್ಕೊಮ್ಮೆ ಊರಿಗೆ ಹೋಗುವ ಗಂಡ, ಮೈದುನ ಅತ್ತೆಯರ ನಡುವೆ ಒಂಟಿಯಾಗಿ ದಿನ ಎಣಿಸುವ ಹೆಂಡತಿ. ಇದು ನಮ್ಮ ಎಷ್ಟೋ ಮನೆಗಳ ಚಿತ್ರ. ನಮ್ಮ ಕಷ್ಟದ ಪಟ್ಟಿ ಮಾಡುವಾಗ ಅವರ ಹೆಸರನ್ನು ಮರೆಯುವುದು ಅನ್ಯಾಯ.

ಭೋಂಗಾ ನಿಂತ ಮೇಲೆ

ಬಡತನವು ಆತ್ಮಹತ್ಯೆಯನ್ನು ತಡೆಯುತ್ತದೆ, ಏಕೆಂದರೆ ಬಡವನು ಮೊದಲಿನಿಂದಲೂ ಆಸೆಗಳನ್ನು ಅಡಗಿಸಿಕೊಂಡು ಬದುಕಲು ಕಲಿತಿರುತ್ತಾನೆ ಎಂದು ಡರ್ಖೈಮರು ನಂಬಿದ್ದರು. ಇಷ್ಟರ ಮಟ್ಟಿಗೆ ಅವರ ಮಾತನ್ನು ನಾವು ಒಪ್ಪಲಾರೆವು. ಮುಂದಿನ ಕಾಲದ ಶೋಧನೆಗಳೂ ಒಪ್ಪುವುದಿಲ್ಲ. ಇಂಡೋನೇಷ್ಯಾ ದೇಶದಲ್ಲಿ ಸರಕಾರವು ಕಡುಬಡ ಮನೆಗಳಿಗೆ ನೇರವಾಗಿ ಹಣ ಕೊಡುವ ಯೋಜನೆಯನ್ನು ತಂದಾಗ, ಅದು ತಲಪಿದ ಪ್ರದೇಶಗಳಲ್ಲಿ ಆತ್ಮಹತ್ಯೆ 100ಕ್ಕೆ 18ರಷ್ಟು ಇಳಿಯಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕೈಯಲ್ಲಿ ನಾಲ್ಕು ಕಾಸು ಇದ್ದರೆ ಜೀವ ಉಳಿಯುತ್ತದೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ?

ಆದರೆ ಕೆಲಸವೆಂದರೆ ಬರಿಯ ಕಾಸೂ ಅಲ್ಲ. ಆಸ್ಟ್ರಿಯಾ ದೇಶದಲ್ಲಿ ಮರಿಯೆನ್‌ಥಾಲ್ ಎಂಬ ಸಣ್ಣ ಊರು. ಇಡೀ ಊರಿಗೆ ಒಂದೇ ಬಟ್ಟೆಯ ಗಿರಣಿ. ಜಗತ್ತಿನ ದೊಡ್ಡ ಆರ್ಥಿಕ ಕುಸಿತದ ಕಾಲದಲ್ಲಿ ಆ ಗಿರಣಿ ಮುಚ್ಚಿತು. ಮರಿ ಯಹೋಡಾ ಎಂಬ ವಿದುಷಿಯೂ ಅವರ ಸಂಗಡಿಗರೂ ಅಲ್ಲಿಗೆ ಹೋಗಿ ಜನರ ನಡುವೆ ಇದ್ದು, ನೋಡಿದ್ದನ್ನು 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಈಗ ಜನರಿಗೆ ಬೇಕಾದಷ್ಟು ಬಿಡುವಿತ್ತು. ಆದರೆ ಊರಿನ ವಾಚನಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚುವ ಬದಲು ಅರ್ಧದಷ್ಟಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ದಿನವೆಲ್ಲ ಏನು ಮಾಡಿದಿರಿ ಎಂದರೆ ಹೇಳಲು ಅವರಿಗೆ ನೆನಪಾಗುತ್ತಿರಲಿಲ್ಲ. ಪಗಾರದ ಜೊತೆಗೆ ದಿನದ ಆಕಾರವೂ ಹೋಗಿಬಿಟ್ಟಿತ್ತು.

ಇದನ್ನು ಓದುವಾಗ ಲಾಲಬಾಗ, ಪರೇಲಗಳ ಹಿರಿಯರಿಗೆ ತಮ್ಮದೇ ಕಥೆ ಎನಿಸದಿರದು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಖಂಡತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಕೆಲಸ ನಿಲ್ಲಿಸಿದರು. ಆ ಮುಷ್ಕರ ವಿಧಿವತ್ತಾಗಿ ಎಂದೂ ಮುಗಿಯಲಿಲ್ಲ. ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಅವುಗಳ ಜಾಗದಲ್ಲಿ ಇಂದು ಗಾಜಿನ ಕಟ್ಟಡಗಳು ನಿಂತಿವೆ. ಗಿರಣಿಯ ಭೋಂಗಾ ಕೂಗಿದರೆ ಎದ್ದು, ಭೋಂಗಾ ಕೂಗಿದರೆ ಉಂಡು, ಪಾಳಿ ಮುಗಿದರೆ ಭಜನಾ ಮಂಡಳಿಗೋ ಕುಸ್ತಿಯ ಅಖಾಡಕ್ಕೋ ಹೋಗುತ್ತಿದ್ದ ಬಾಳಿಗೆ ಒಂದು ತಾಳವಿತ್ತು. ಡರ್ಖೈಮರ ಮಾತನ್ನು ಇಲ್ಲಿಗೆ ಹೊಂದಿಸಿ ನೋಡಿದರೆ, ಮುಷ್ಕರದ ಸಭೆಗಳು ನಡೆಯುವಷ್ಟು ದಿನ ಹಸಿವಿದ್ದರೂ ಮನುಷ್ಯನಿಗೆ ಒಂದು ಜಾಗವಿತ್ತು. ಸಭೆಗಳು ನಿಂತು, ಒಬ್ಬೊಬ್ಬನೂ ತನ್ನ ಖೋಲಿಯಲ್ಲಿ ತಾನೇ ಉಳಿದಾಗಿನ ಕಾಲವೇ ಹೆಚ್ಚು ಅಪಾಯದ್ದು. ಹೋರಾಟ ಕಟ್ಟುವವರು ಸೋಲಿನ ನಂತರದ ದಿನಗಳಿಗೂ ಸಿದ್ಧತೆ ಮಾಡಿಕೊಂಡಿರಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

2020ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ಹೊಟೇಲಿನವರಿಗೂ ಇದೇ ಗತಿ ಬಂತು. ಮಲಗುವ ಜಾಗವೂ ಊಟವೂ ಕೆಲಸದ ಜೊತೆಗೇ ಕಟ್ಟಿಕೊಂಡಿರುವ ಕಸುಬು ನಮ್ಮದು. ಬೇರೆಯವರಿಗೆ ಕೆಲಸ ಹೋದರೆ ಪಗಾರ ಹೋಗುತ್ತದೆ. ಹೊಟೇಲಿನವನಿಗೆ ಪಗಾರ, ತಟ್ಟೆ, ಚಾಪೆ ಮೂರೂ ಒಂದೇ ದಿನ ಹೋಗುತ್ತವೆ.

ತಪ್ಪಿಸಬಹುದೆ?

ಸಮಾಜವೇ ಕಾರಣವಾದರೆ ನಾವೇನು ಮಾಡಲಾದೀತು ಎಂದು ಕೈಚೆಲ್ಲುವುದು ತಪ್ಪು. ಹಣೆಬರಹವನ್ನು ತಿದ್ದಲಾಗದು, ಸಮಾಜವನ್ನು ತಿದ್ದಬಹುದು.

ನೆರೆಯ ಶ್ರೀಲಂಕೆಯನ್ನು ನೋಡಿರಿ. 1995ರಲ್ಲಿ ಅಲ್ಲಿ ಲಕ್ಷ ಜನಕ್ಕೆ ಸುಮಾರು 47 ಆತ್ಮಹತ್ಯೆಗಳು. ಜಗತ್ತಿನಲ್ಲಿಯೇ ಅತಿ ಹೆಚ್ಚಿನದಕ್ಕೆ ಸೇರಿದ ಪ್ರಮಾಣ. ಅಲ್ಲಿನ ಸರಕಾರವು 1995ರಲ್ಲಿಯೂ 1998ರಲ್ಲಿಯೂ ಅತಿ ಘೋರವಾದ ಕೀಟನಾಶಕಗಳ ಮಾರಾಟವನ್ನು ನಿಲ್ಲಿಸಿತು. 2005ರ ಹೊತ್ತಿಗೆ ಪ್ರಮಾಣವು ಅರ್ಧಕ್ಕೆ ಇಳಿದಿತ್ತು. ಆ ಹತ್ತು ವರ್ಷಗಳಲ್ಲಿ ಬಡತನವೇನೂ ಮಾಯವಾಗಿರಲಿಲ್ಲ, ಒಳಯುದ್ಧವೂ ಮುಗಿದಿರಲಿಲ್ಲ. ಸಾಯಬೇಕೆಂಬ ವಿಚಾರ ಬಹಳ ಮಂದಿಯಲ್ಲಿ ಬಿರುಗಾಳಿಯಂತೆ ಬಂದು ಹೋಗುವಂಥದು. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಒಮ್ಮೆ ಆ ಅಂಚಿನಿಂದ ಹಿಂದಿರುಗಿದವರಲ್ಲಿ ಬಹುಪಾಲು ಮಂದಿ ಮುಂದೆ ಆ ದಾರಿಯಿಂದ ಸಾಯುವುದಿಲ್ಲವೆಂದು ವೈದ್ಯರ ಅನುಭವ.

ಯುರೋಪಿನ 26 ದೇಶಗಳ 1970ರಿಂದ 2007ರವರೆಗಿನ ಲೆಕ್ಕವನ್ನು ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ನಿರುದ್ಯೋಗ ಏರಿದಾಗ ಆತ್ಮಹತ್ಯೆಯೂ ಏರಿತು. ಆದರೆ ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಕಲಿಸಲು, ಹುಡುಕಿಕೊಡಲು ಸರಕಾರವು ಹೆಚ್ಚು ಹಣ ವೆಚ್ಚ ಮಾಡುತ್ತಿದ್ದ ದೇಶಗಳಲ್ಲಿ ಈ ನಂಟು ಸಡಿಲವಾಗಿತ್ತು. ಕಷ್ಟದ ಗಾಳಿ ಎಲ್ಲ ಕಡೆಯೂ ಬೀಸಿತು. ಗೋಡೆಯಿದ್ದ ಕಡೆ ದೀಪ ಉಳಿಯಿತು.

ಡರ್ಖೈಮರು ತಮ್ಮ ಗ್ರಂಥದ ಕೊನೆಗೆ ಮದ್ದು ಯಾವುದೆಂದು ಕೇಳಿಕೊಂಡರು. ಸರಕಾರವು ಬಹಳ ದೂರದ್ದು, ಒಬ್ಬೊಬ್ಬನ ಬಾಗಿಲಿಗೆ ಬರಲಾರದು. ಧರ್ಮದ ಹಿಡಿತವೂ ಕುಟುಂಬದ ಹಿಡಿತವೂ ಹೊಸ ಕಾಲದಲ್ಲಿ ಸಡಿಲವಾಗಿವೆ. ಇನ್ನು ಉಳಿದದ್ದು ಒಂದೇ ಕಸುಬಿನವರು ಸೇರಿ ಕಟ್ಟಿಕೊಳ್ಳುವ ಸಂಸ್ಥೆ ಎಂದರು. ಏಕೆಂದರೆ ಅದು ಮನುಷ್ಯನ ಜೊತೆಗೆ ದಿನವೂ ಇರುತ್ತದೆ, ಅವನು ದುಡಿಯುವ ಜಾಗದಲ್ಲಿಯೇ ಇರುತ್ತದೆ, ಅವನ ಕಷ್ಟದ ಸ್ವರೂಪ ಅದಕ್ಕೆ ಗೊತ್ತಿರುತ್ತದೆ. ಅವರ ಮನಸ್ಸಿನಲ್ಲಿದ್ದದ್ದು ಮಾಲಕ ಕೆಲಸಗಾರರಿಬ್ಬರೂ ಕೂಡಿದ ಸಂಸ್ಥೆಯೇ ಹೊರತು ನಮ್ಮಂಥ ಕಾರ್ಮಿಕ ಸಂಘವಲ್ಲ. ಆದರೂ ಅವರು ಹೇಳಿದ ಕೆಲಸ ನಮ್ಮ ಸಂಘಕ್ಕೂ ಒಪ್ಪುವಂಥದೇ.

ನಮ್ಮ ಕೆಲಸ

ಮೊದಲನೆಯದಾಗಿ, ವಾರದ ರಜೆ, ಸಕಾಲಕ್ಕೆ ಪಗಾರ, ಮಲಗಲು ಮನುಷ್ಯರಿಗೆ ತಕ್ಕ ಜಾಗ ಇವುಗಳ ಬೇಡಿಕೆಯನ್ನು ಬರಿಯ ಹಣದ ಬೇಡಿಕೆಯೆಂದು ಯಾರೂ ತಿಳಿಯಬಾರದು. ನಿದ್ರೆಯಿಲ್ಲದವನ ಮನಸ್ಸು ಮುರಿಯುವುದು ಬೇಗ. ರಜೆಯ ದಿನ ಗೆಳೆಯನ ಖೋಲಿಗೆ ಹೋಗುವವನು, ಯಕ್ಷಗಾನ ನೋಡಲು ಹೋಗುವವನು, ವಾಚನಾಲಯದಲ್ಲಿ ಕೂರುವವನು ನಾಲ್ಕು ಬಳ್ಳಿಗಳಿಂದ ಬದುಕಿಗೆ ಕಟ್ಟಿಕೊಂಡಿರುತ್ತಾನೆ. ಮಾಲಕರಿಗೂ ಈ ಮಾತನ್ನು ಸ್ನೇಹದಿಂದಲೇ ಹೇಳುತ್ತೇವೆ.

ಎರಡನೆಯದಾಗಿ, ಸಾಲ. ಮಾನ ಹೋಗುತ್ತದೆಂದು ಸಾಲವನ್ನು ಮುಚ್ಚಿಡುವವನೇ ಹೆಚ್ಚು ಅಪಾಯದಲ್ಲಿರುವವನು. ಶಾಖೆಶಾಖೆಗೂ ಒಂದು ಸಣ್ಣ ಸಹಾಯ ನಿಧಿ ಇರಲಿ. ಲೆಕ್ಕ ಬಲ್ಲ ಇಬ್ಬರು ಸದಸ್ಯರು, ಸಾಲಗಾರನ ಜೊತೆ ಕೂತು ಬಡ್ಡಿಯ ಲೆಕ್ಕ ನೋಡಿ, ಬೇಕಾದರೆ ಅವನ ಪರವಾಗಿ ಮಾತಾಡಲು ಹೋಗುವಂತಾಗಲಿ. ಇಬ್ಬರು ಹಂಚಿಕೊಂಡ ಲೆಕ್ಕ ಅರ್ಧ ಭಾರ.

ಮೂರನೆಯದಾಗಿ, ಕಾನೂನಿನ ಹೆದರಿಕೆ ಬಿಡಿರಿ. 1860ರ ದಂಡ ಸಂಹಿತೆಯ 309ನೆಯ ಕಲಮಿನಂತೆ ಆತ್ಮಹತ್ಯೆಯ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಸಜೆಯಿತ್ತು. ಅದರ ಭಯದಿಂದ ಎಷ್ಟೋ ಮಂದಿಯನ್ನು ಆಸ್ಪತ್ರೆಗೆ ಒಯ್ಯುವುದೇ ತಡವಾಗುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಅಂಥವನು ತೀವ್ರ ಸಂಕಟದಲ್ಲಿದ್ದನೆಂದೇ ತಿಳಿಯಬೇಕು, ಅವನಿಗೆ ಆರೈಕೆ ಕೊಡುವುದು ಸರಕಾರದ ಹೊಣೆ ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ 309ರಂಥ ಕಲಮೇ ಇಲ್ಲ. ಸರಕಾರಿ ನೌಕರನನ್ನು ಅವನ ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಹಾಗೆ ಮಾಡಿದರೆ ಮಾತ್ರ ಶಿಕ್ಷೆಯಿದೆ. ಆದ್ದರಿಂದ ಮೊದಲು ಆಸ್ಪತ್ರೆ. ಮಿಕ್ಕ ಮಾತೆಲ್ಲ ಆಮೇಲೆ.

ನಾಲ್ಕನೆಯದಾಗಿ, ಕೇಳುವುದನ್ನು ಕಲಿಯೋಣ. ಜೊತೆಯವನು ಊಟ ಬಿಟ್ಟಿದ್ದರೆ, ನಿದ್ರೆ ಬಿಟ್ಟಿದ್ದರೆ, ನಾನಿದ್ದು ಏನು ಪ್ರಯೋಜನ ಎನ್ನುತ್ತಿದ್ದರೆ, ತನ್ನ ಸಾಮಾನನ್ನು ಒಬ್ಬೊಬ್ಬರಿಗೆ ಕೊಟ್ಟುಬಿಡುತ್ತಿದ್ದರೆ ಪಕ್ಕಕ್ಕೆ ಕರೆದು ನೇರವಾಗಿಯೇ ಕೇಳಿರಿ: "ಸಾಯುವ ವಿಚಾರ ಬರುತ್ತಿದೆಯೇನಪ್ಪ?" ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಹಾಕಿದಂತಾಗುತ್ತದೆಂಬುದು ಸುಳ್ಳು ಭಯ. ಕೇಳಿದವನಿಗೆ ಬಾಯಿ ಬಿಡಲು ದಾರಿಯಾಗುತ್ತದೆ. ಬುದ್ಧಿವಾದ ಹೇಳಬೇಡಿ, ಗದರಬೇಡಿ, ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಮನಸ್ಸಿನ ಕಾಯಿಲೆಯೂ ಜ್ವರದಂತೆ ಔಷಧಿಯಿಂದ ಇಳಿಯುವ ಕಾಯಿಲೆಯೇ. ಸಮಾಜದ ಕಾರಣ ಹೇಳುವ ನಾವು ವೈದ್ಯನನ್ನು ಬೇಡವೆನ್ನುವವರಲ್ಲ.

ಐದನೆಯದು, ಹಿಂದೆ ಮುಂದೂಡಿದ ಮಾತು. ನಮ್ಮವನೊಬ್ಬನು ಹೀಗೆ ತೀರಿಕೊಂಡಾಗ ಸಂಘಟನೆಗಳು ಅವನನ್ನು ಹುತಾತ್ಮನೆಂದು ಕರೆದು, ಫಲಕ ಬರೆಸಿ, ಮೆರವಣಿಗೆ ತೆಗೆಯುವುದುಂಟು. ಅನ್ಯಾಯದ ಮೇಲಿನ ಸಿಟ್ಟು ಅರ್ಥವಾಗುವಂಥದೇ. ಆದರೆ ಅದೇ ಸಂಕಟದಲ್ಲಿರುವ ಬೇರೊಬ್ಬನು ಆ ಫಲಕವನ್ನು ಓದುತ್ತ ನಿಂತಿರುತ್ತಾನೆ. ಬದುಕಿದ್ದಾಗ ಯಾರೂ ಮಾತಾಡಿಸದಿದ್ದವನಿಗೆ ಸತ್ತ ಮೇಲೆ ಹಾರ ದೊರೆಯುವುದೆಂದು ಅವನು ಕಲಿಯಬಾರದು. ಬಾಕಿ ಪಗಾರಕ್ಕಾಗಿ, ವಿಮೆಗಾಗಿ, ಮಕ್ಕಳ ಶಾಲೆಗಾಗಿ ಕೊನೆಯವರೆಗೂ ಹೋರಾಡೋಣ. ವಿಧವೆಯನ್ನು ಯಾರೂ ಚುಚ್ಚಿ ಮಾತಾಡದಂತೆ ನೋಡಿಕೊಳ್ಳೋಣ. ಸಾವನ್ನು ಮಾತ್ರ ನಮ್ಮ ಬಾವುಟ ಮಾಡಿಕೊಳ್ಳುವುದು ಬೇಡ.

ಬಂಧುಗಳೆ, ಒಬ್ಬನ ಎದೆಯೊಳಗೆ ಏನು ನಡೆಯುತ್ತದೆಂದು ಹೊರಗಿನವರು ಪೂರ್ತಿ ತಿಳಿಯಲಾರರು. ಆದರೆ ಅವನು ಎಷ್ಟು ತಾಸು ನಿಂತು ದುಡಿದ, ಪಗಾರ ಬಂತೇ, ಎಲ್ಲಿ ಮಲಗಿದ, ಯಾರ ಜೊತೆ ಉಂಡ ಎಂಬುದನ್ನು ತಿಳಿಯುವುದು ನಮ್ಮ ಕೈಯಲ್ಲಿದೆ. ಅದನ್ನು ಬದಲಿಸುವುದೂ ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ. ಪ್ರತಿಯೊಂದು ಹೊಟೇಲಿನಲ್ಲಿ, ಪ್ರತಿಯೊಂದು ಖಾತೆಯಲ್ಲಿ ಇಬ್ಬರು ಈ ಕೆಲಸವನ್ನು ವಹಿಸಿಕೊಳ್ಳಲಿ: ಹೊಸದಾಗಿ ಊರಿನಿಂದ ಬಂದವನ ಹೆಸರು, ಅವನ ಊರು, ಅವನ ಮನೆಯವರ ಫೋನ್ ನಂಬರು ಕೇಳಿ ಬರೆದಿಟ್ಟುಕೊಳ್ಳುವುದು; ವಾರಕ್ಕೊಮ್ಮೆ ಅವನ ಜೊತೆ ಕೂತು ಒಂದು ಕಪ್ಪು ಚಹಾ ಕುಡಿಯುವುದು. ಮುಂದಿನ ತಿಂಗಳ ಶಾಖಾ ಸಭೆಗಳಲ್ಲಿ ಮೊದಲ ವಿಷಯವಾಗಿ ಇದನ್ನೇ ತೆಗೆದುಕೊಳ್ಳಬೇಕೆಂದು ಎಲ್ಲ ಕಾರ್ಯಕರ್ತರಲ್ಲಿಯೂ ನಮ್ಮ ವಿನಂತಿ.